ಕಾಣದ ನೆರೆಮನೆಗೆ ಹೂನೀರು

ನಾಬಲ್
4 ನವೆಂಬರ್ 2018

ಬೇಯಾ,

ಕುಶಲವೇ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕುಶಲವಾಗಿರಲಿ ಎಂದು ಬಯಸಿದ ಹಾಗಾಗುತ್ತದೆ, ಅಷ್ಟು ದೂರ ನಾನಿನ್ನೂ ಬಂದಿಲ್ಲ.

ಈ ಕಾಗದ ತಂದವರು ನಮ್ಮ ಮನೆಯವರು. ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಡ. ಹಸ್ಸೂನ ಎಂದರೆ ಯಾರಿಗೂ ಕೋಪ ಬರುವುದಿಲ್ಲ, ಐದು ವರ್ಷ ಪ್ರಯತ್ನಪಟ್ಟರೂ ನಿನಗೂ ಬಂದಿರಲಾರದು. ಅವರ ವ್ಯಾನು ಹೇಗಿದ್ದರೂ ವಾರಕ್ಕೆರಡು ಸಲ ಸ್ಫಾಕ್ಸಿಗೆ ಬರುತ್ತದೆ. ನಿನಗೆ ಫೋನು ಮಾಡುವುದಿಲ್ಲ ಎಂದು ಆಣೆ ಹಾಕಿದ್ದೇನೆ. ಬರೆಯುವುದಿಲ್ಲ ಎಂದು ಹಾಕಿರಲಿಲ್ಲ.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ ಇತ್ತು. ನಿನ್ನ ಅಣ್ಣ ರಿದಾ ನಿಮ್ಮ ಮನೆಯನ್ನು ಹೋಟೆಲಿನವನಿಗೆ ಮಾರುವಾಗ ಪಕ್ಕದ ಮನೆಯವರನ್ನು ಒಂದು ಮಾತು ಕೇಳಲಿಲ್ಲ. ಮೊದಲು ನೆರೆಯವರನ್ನು ಕೇಳಿ ಆಮೇಲೆ ಹೊರಗಿನವರಿಗೆ ಮಾರುವುದು ನಮ್ಮಜ್ಜಂದಿರ ಕಾಲದಿಂದ ಬಂದದ್ದು. ಆ ಕಾಗದದ ಮೇಲೆ ನಿನ್ನ ಸಹಿಯೂ ಇತ್ತು. ಹೋಗುವ ಮುನ್ನ ನೀನು ಕಳಿಸಿದ ಮಕ್ರೂದ್ ಸಿಹಿಯ ತಟ್ಟೆಯನ್ನು ನಾನು ತೊಳೆದು ಖಾಲಿ ವಾಪಸು ಕಳಿಸಿದೆ. ಒಂದು ಖರ್ಜೂರವನ್ನೂ ಇಡಲಿಲ್ಲ. ಅದಕ್ಕೆ ನನಗೆ ಈಗಲೂ ಬೇಸರವಿಲ್ಲ. ಇಷ್ಟು ಹೇಳಿದರೆ ಕೆದಕಿದ ಹಾಗಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಹೂನೀರನ್ನು ವರ್ಷವರ್ಷ ಒಯ್ಯುತ್ತಿದ್ದ ಟ್ಯೂನಿಸಿನ ಹಾಜಿ ಮಹ್ಫೂದ್ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಅಂಗಡಿಯಲ್ಲಿ ಕೂತಿರುವವನು ಮಗ ಅನೀಸ್. ಬಂದು ಅಂಗಳದಲ್ಲಿ ನಿಂತು, ಬಾಟಲಿಯ ಮೇಲೆ ಇನ್ನು ಮುಂದೆ ತನ್ನ ಕಂಪನಿಯ ಹೆಸರು ಬರಬೇಕು ಎಂದ. ಅಮ್ಮನ ಹೆಸರಿರುವ ಚೀಟಿ ಕಿತ್ತು ಕೈಯಲ್ಲಿ ಹಿಡಿದು ಕೇಳಿದ: "ಖದ್ದೂಜಾ ಅಂದ್ರೆ ಯಾರಮ್ಮಾ? ಯಾರಿಗೆ ಗೊತ್ತು ಈ ಹೆಸರು?"

ಬೇಯಾ, ಆ ಹೆಸರು ಯಾರದೆಂದು ನಿನಗೆ ಗೊತ್ತು. ನಿನ್ನ ಅಮ್ಮ ಕಾಯಿಲೆ ಬಿದ್ದ ವರ್ಷ ನಿನಗೆ ತಲೆ ಬಾಚಿದವಳು ಅವಳು. ಅವನ ಪೆಟ್ಟಿಗೆಗಳನ್ನು ನಾನೇ ಬೀದಿಗೆ ಇಟ್ಟೆ.

ಆದರೆ ಮಾರ್ಚಿನಲ್ಲಿ ಕಿತ್ತಳೆ ಹೂ ಬಿಡುತ್ತದೆ. ಮುಂಚೆಯೇ ಗಿರಾಕಿಗಳು ಸಿಗದಿದ್ದರೆ ತೋಟದವರಿಗೆ ಹೂವಿನ ಮಾತು ಕೊಡಲಾರೆ, ಅವರು ಹೂವನ್ನು ಅನೀಸನಿಗೆ ಮಾರುತ್ತಾರೆ, ಆಮೇಲೆ ನಾನು ಅವನ ಹೆಸರಿನ ಬಾಟಲಿ ತುಂಬುವ ಕೂಲಿಯವಳಾಗಬೇಕು. ಅಮ್ಮನ ಹೆಸರು ಅಲ್ಲಿಗೆ ಮುಗಿಯಿತು. ವೆಬ್‌ಸೈಟ್ ಮಾಡು ಎನ್ನುತ್ತಾರೆ ಎಲ್ಲರೂ. ಅದನ್ನು ಎಲ್ಲಿ ಇಡುವುದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಬಿಟ್ಟಿ ಜಾಗ ಇದೆ ಎನ್ನುತ್ತಾರೆ, ಹೊರದೇಶದ್ದು ಅಗ್ಗ ಎನ್ನುತ್ತಾರೆ, ಸ್ವಂತ ಯಂತ್ರ ಬಾಡಿಗೆಗೆ ಹಿಡಿ ಎನ್ನುತ್ತಾರೆ. ನೀನು ಅಲ್ಲಿ ತರಬೇತಿ ಕೇಂದ್ರದಲ್ಲಿ ಇದನ್ನೇ ಕಲಿಸುತ್ತೀಯಂತೆ. ಈ ಒಂದು ವಿಷಯದಲ್ಲಿ ನಿನ್ನ ಮಾತನ್ನು ನಂಬುತ್ತೇನೆ. ಈ ಒಂದರಲ್ಲಿ ಮಾತ್ರ.

ಕೋಪ ಆರದ,
ದಲೆಂದಾ

⁂

ಸ್ಫಾಕ್ಸ್
11 ನವೆಂಬರ್ 2018

ದಲೆಂದಾ,

ಹಸ್ಸೂನ ಭಾವ ಊಟ ಮಾಡಿಕೊಂಡೇ ಹೊರಟರು. ನಿನಗೆ ಹೇಳಬೇಡ ಎಂದರು, ಅದಕ್ಕೇ ಹೇಳುತ್ತಿದ್ದೇನೆ.

ತಟ್ಟೆ ನನ್ನ ಅಡುಗೆಮನೆಯ ಶೆಲ್ಫಿನಲ್ಲಿದೆ. ಅಂದಿನಿಂದ ಅದರಲ್ಲಿ ಏನನ್ನೂ ಬಡಿಸಿಲ್ಲ. ಆ ಮಾತು ಅಲ್ಲಿಗೆ ಬಿಡೋಣ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಬಿಟ್ಟಿ ಜಾಗ ಬೇಡ. ಅಲ್ಲಿ ನಿನ್ನ ಸೈಟಿನ ವಿಳಾಸ ಅವರ ಹೆಸರಿನ ಬಾಲ ಹಿಡಿದುಕೊಂಡು ಇರುತ್ತದೆ. ಖದ್ದೂಜಮ್ಮನ ಪಕ್ಕದಲ್ಲಿ ಬೊಕ್ಕತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು ಕುಣಿಯುತ್ತಿರುತ್ತದೆ. ಕೆಲವು ತಿಂಗಳು ಯಾರೂ ಬಂದು ನೋಡದಿದ್ದರೆ ಹೇಳದೆ ಕೇಳದೆ ಅಳಿಸಿಹಾಕುವವರೂ ಇದ್ದಾರೆ. ನಿನ್ನದು ವರ್ಷಕ್ಕೊಮ್ಮೆ ಅರಳುವ ವ್ಯಾಪಾರ, ಚಳಿಗಾಲದಲ್ಲಿ ಯಾರು ಬರುತ್ತಾರೆ? ಕಲಿಯುವ ಮಕ್ಕಳಿಗೆ ನಾನೇ ಅದನ್ನು ಕೊಡಿಸುತ್ತೇನೆ. ಅನ್ನ ಹುಟ್ಟಬೇಕಾದ ಕಡೆ ಆಗುವುದಿಲ್ಲ.

ಹೊರದೇಶದ್ದು ಮೊದಲ ವರ್ಷ ಅಗ್ಗ, ನಿಜ. ಎರಡನೆಯ ವರ್ಷದ ಬೆಲೆಯನ್ನು ಕೆಳಗೆ ಇರುವೆ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿದರೆ ಎದೆ ಧಸಕ್ಕೆನ್ನುತ್ತದೆ. ಅದೂ ಅಲ್ಲದೆ ನಮ್ಮ ದಿನಾರಿನ ಕಾರ್ಡು ಅಲ್ಲಿ ನಡೆಯುವುದಿಲ್ಲ. ಆಗ ನಮ್ಮವರೆಲ್ಲ ಏನು ಮಾಡುತ್ತಾರೆ ಗೊತ್ತಲ್ಲ, ಫ್ರಾನ್ಸಿನಲ್ಲಿರುವ ಮೈದುನನ ಕಾರ್ಡಿನಿಂದ ಕಟ್ಟಿಸುತ್ತಾರೆ. ಹಸ್ಸೂನ ಭಾವ ಆಗಲೇ ಲಿಯೋನ್ ಊರಿನಲ್ಲಿರುವ ತಮ್ಮನ ಹೆಸರು ಎತ್ತಿದರು. ಕಟ್ಟಿದವನ ಹೆಸರಿಗೇ ವಿಳಾಸ ದಾಖಲಾಗುತ್ತದೆ ದಲೆಂದಾ. ನಾಳೆ ಅವನು ಹೆಂಡತಿಯ ಜೊತೆ ಜಗಳ ಮಾಡಿಕೊಂಡು ಕಾರ್ಡು ಬದಲಿಸಿದರೆ ನಿನ್ನ ಅಂಗಡಿಗೆ ಬೀಗ. ಮನೆ ಒಬ್ಬರ ಹೆಸರಿನಲ್ಲಿದ್ದು ಬಾಳುವವರು ಇನ್ನೊಬ್ಬರಾದರೆ ಏನಾಗುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆ ರಿದಾನ ಹೆಸರಿನಲ್ಲೇ ಇತ್ತು, ನನ್ನ ಸಹಿ ಸಾಕ್ಷಿಗೆ ಮಾತ್ರ.

ಸ್ವಂತ ಯಂತ್ರ ನಿನಗೆ ಬೇಡ. ಅದನ್ನು ಸಂಭಾಳಿಸಲು ಒಬ್ಬನನ್ನು ಸಾಕಬೇಕು.

ನಿನಗೆ ಬೇಕಾದದ್ದು ಹಂಚಿಕೆಯ ಜಾಗ. ಹಳೆಯ ಊರಿನ ವಠಾರ ನೆನಪಿದೆಯಲ್ಲ? ನಡುವೆ ಒಂದು ಅಂಗಳ, ಒಂದೇ ಬಾವಿ, ಸುತ್ತಲೂ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಇದೂ ಹಾಗೆಯೇ. ಒಂದೇ ಸರ್ವರ್, ಅದರಲ್ಲಿ ಹತ್ತಾರು ಜನರ ವೆಬ್‌ಸೈಟು. ಅದಕ್ಕೇ ಬಾಡಿಗೆ ಕಡಿಮೆ. ಒಬ್ಬರ ಮನೆಯಲ್ಲಿ ಮದುವೆಯಾದರೆ ಉಳಿದವರ ಕೊಡಕ್ಕೆ ನೀರು ಕಡಿಮೆಯಾಗುವುದೂ ಉಂಟು, ಅಷ್ಟೇ.

ಟ್ಯೂನಿಸಿನಲ್ಲಿ ಒಂದು ಸಣ್ಣ ಕಂಪನಿ ಇದೆ, ಅವರ ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ. ದಿನಾರಿನಲ್ಲಿ, ಅಂಚೆ ಕಚೇರಿಯಿಂದಲೇ ಹಣ ಕಟ್ಟಬಹುದು. ನಾಲ್ಕು ಮಾತು ಕೇಳಿಯೇ ಸಹಿ ಮಾಡು. ಸೈಟಿನ ವಿಳಾಸ ನಿನ್ನ ಸ್ವಂತ ಹೆಸರಿಗೇ ಬರುತ್ತದೆಯೇ? ಮುಂದಿನ ವರ್ಷದ ಬೆಲೆ ಎಷ್ಟು? ದಿನದಿನದ ನಕಲು ತೆಗೆದು ಬೇರೆ ಕಡೆ ಇಡುತ್ತಾರೆಯೇ? ಬಿಟ್ಟುಹೋಗುವಾಗ ನಿನ್ನ ಸಾಮಾನು ನಿನಗೆ ಕೊಡುತ್ತಾರೆಯೇ? ಫೋನು ಮಾಡಿದರೆ ಮನುಷ್ಯರು ಎತ್ತುತ್ತಾರೆ, ಅದು ನನಗೆ ಗೊತ್ತು.

ಕೇಳಿದ್ದಕ್ಕಷ್ಟೇ ಉತ್ತರಿಸಿದ,
ಬೇಯಾ

⁂

ನಾಬಲ್
20 ಡಿಸೆಂಬರ್ 2018

ಬೇಯಾ,

ಹೋಗಿ ಬಂದೆ. ನೀನು ಹೇಳಿದ ನಾಲ್ಕೂ ಮಾತು ಕೇಳಿದೆ, ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕಿತು. ವಿಳಾಸ ನನ್ನ ಹೆಸರಿಗೇ ಇದೆ. ಹಸ್ಸೂನ ತಮ್ಮನ ಸುದ್ದಿ ಎತ್ತುವ ಮೊದಲೇ ಸಹಿ ಮಾಡಿ ಮುಗಿಸಿದ್ದೆ.

ಐದನೆಯ ಮಾತು ಒಂದನ್ನು ನೀನು ಹೇಳಿಕೊಡದೆ ನಾನೇ ಕೇಳಿದೆ. ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವವನು ಶುಕ್ರಿ ಅಂತ, ಕಣ್ಣಿನ ಕೆಳಗೆ ಕಪ್ಪು, ಎರಡು ಫೋನು ಕಿವಿಗೆ. ನಮ್ಮ ವಠಾರದಲ್ಲಿ ಬೇರೆ ಯಾರ್ಯಾರಿದ್ದಾರೆ ಎಂದು ವಿಚಾರಿಸಿದೆ. ಅವನು ಒಂದು ಫೋನು ಕೆಳಗಿಟ್ಟ.

"ಯಾವ ವಠಾರ ಅಮ್ಮಾ?"

"ಅದೇ, ನನ್ನ ಸರ್ವರ್‌ನಲ್ಲಿ ಇರೋ ಬೇರೆ ಸಂಸಾರಗಳು."

ಅವನು ಇನ್ನೊಂದು ಫೋನನ್ನೂ ಕೆಳಗಿಟ್ಟ. ಅದನ್ನು ಹೇಳುವ ಹಾಗಿಲ್ಲ, ನಿಯಮ ಇಲ್ಲ ಎಂದ. ಇಷ್ಟು ವರ್ಷದಲ್ಲಿ ಯಾರೂ ಕೇಳಿಯೂ ಇಲ್ಲವಂತೆ. ನೀನೇ ಹೇಳು, ಇದೆಂಥ ಕಾಲ ಬಂತು? ಒಂದೇ ಬಾವಿಯ ನೀರು ಸೇದುವವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಹೊಸ ಮನೆಗೆ ಹೋದವರು ಪಕ್ಕದ ಮನೆಗಳಿಗೆ ತಟ್ಟೆ ಕಳಿಸದೆ ಒಲೆ ಹಚ್ಚುತ್ತಾರೆಯೇ? ನಮ್ಮಮ್ಮ ಕೇಳಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು.

ಹೆಸರು ಬೇಡ, ಎಷ್ಟು ಮನೆ ಎಂದಾದರೂ ಹೇಳು ಎಂದೆ. ಅಷ್ಟು ಹೇಳಿದ. ನೀನು ನಂಬಿದರೆ ನಂಬು, ಮುಂದಿನ ವಾರವೇ ಮನೆಗೊಂದರಂತೆ ಹಳೆಯ ಸಾಲಿನ ಹೂನೀರಿನ ಬಾಟಲಿ, ಒಂದು ಪೊಟ್ಟಣ ಬಾದಾಮಿ ಬಿಸ್ಕತ್ತು ಕಟ್ಟಿ, "ಪಕ್ಕದ ಕೋಣೆಗೆ ಬಂದಿದ್ದೇವೆ, ಗಲಾಟೆಯಾದರೆ ಕ್ಷಮಿಸಿ, ಖದ್ದೂಜಾ ಹೂನೀರಿನವರು" ಎಂದು ಚೀಟಿ ಬರೆದು ಶುಕ್ರಿಯ ಕಚೇರಿಗೆ ಕಳಿಸಿದೆ. ತಲುಪಿಸುವುದು ಅವನ ಜವಾಬ್ದಾರಿ. ಅವನಿಗೂ ಒಂದು ಇಟ್ಟಿದ್ದೆ, ಮನೆಯಲ್ಲಿ ಪುಟ್ಟ ಕೂಸು ಇದೆಯಂತೆ. ಹೊಟ್ಟೆನೋವಿಗೆ ಎರಡು ಹನಿ ಸಾಕು.

ಸೈಟು ನಿಂತಿದೆ, ಬಂದು ನೋಡು. ಅಮ್ಮ ಹೂನೀರು ಇಳಿಸುವ ಭಟ್ಟಿಯ ಮುಂದೆ ಕೂತಿರುವ ದೊಡ್ಡ ಫೋಟೋ ಹಾಕಿದ್ದೇನೆ.

ವಠಾರದ ಹೊಸ ಬಾಡಿಗೆದಾರಳು,
ದಲೆಂದಾ

⁂

ಸ್ಫಾಕ್ಸ್
9 ಜನವರಿ 2019

ದಲೆಂದಾ,

ನಿನಗೆ ಹುಚ್ಚು ಹಿಡಿದಿದೆಯೇ? ವಠಾರ ಎಂದದ್ದು ಅರ್ಥವಾಗಲಿ ಎಂದು. ಅದು ಕಬ್ಬಿಣದ ಕಪಾಟಿನಲ್ಲಿ ಗುಂಯ್ ಎನ್ನುವ ಒಂದು ಪೆಟ್ಟಿಗೆ. ಅಲ್ಲಿ ಅಂಗಳವಿಲ್ಲ, ಮುದುಕಿಯರು ಕೂರುವ ಜಗಲಿಯಿಲ್ಲ. ಜನ ಅಲ್ಲಿ ಜಾಗ ಹಿಡಿಯುವುದೇ ಯಾರ ಹಂಗೂ ಬೇಡ ಎಂದು. ನಿನ್ನ ಬಿಸ್ಕತ್ತು ಪೊಟ್ಟಣ ಬಿಚ್ಚಿ ಅವರು ನಗುತ್ತಿರಬೇಕು.

ಸೈಟು ನೋಡಿದೆ. ಖದ್ದೂಜಮ್ಮನ ಫೋಟೋ ತೆರೆದುಕೊಳ್ಳುವಷ್ಟರಲ್ಲಿ ನನ್ನ ಕಾಫಿ ಆರಿತು. ಗೋಡೆಗೆ ತೂಗುಹಾಕುವ ಗಾತ್ರದ ಚಿತ್ರವನ್ನು ಹಾಗೇ ಏರಿಸಿದ್ದೀಯ. ಬಂದವರೆಲ್ಲ ಅದನ್ನು ಇಳಿಸಿಕೊಳ್ಳಬೇಕು, ಪ್ರತಿ ಸಲವೂ ಬಾವಿಯಿಂದ ನೀರು ಖರ್ಚು. ಹತ್ತು ಜನ ಬಂದಾಗ ಗೊತ್ತಾಗುವುದಿಲ್ಲ, ಸಾವಿರ ಜನ ಒಟ್ಟಿಗೆ ಬಂದರೆ ಕುಸಿಯುತ್ತದೆ. ಫೋಟೋ ಸಣ್ಣದು ಮಾಡು. ಪರದೆಯ ಮೇಲೆ ನೋಡುವವರಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಚಿತ್ರದಲ್ಲಿ ಅವಳ ಎಡಗಡೆ ಕಾಣುವ ಗೋಡೆ ನಮ್ಮದು. ಅಲ್ಲಿ ಮೊಳೆಗೆ ತೂಗುಬಿದ್ದಿರುವ ನೀಲಿ ಜರಡಿ ನಮ್ಮಮ್ಮನದು. ಬಹಳ ಹೊತ್ತು ನೋಡಿದೆ.

ಸಣ್ಣದು ಮಾಡು.

ಬೇಯಾ

⁂

ನಾಬಲ್
24 ಫೆಬ್ರವರಿ 2019

ಬೇಯಾ,

ನಗುತ್ತಿರಬೇಕು ಎಂದೆಯಲ್ಲ, ಕೇಳು.

ತೋಝರಿನಿಂದ ಒಂದು ಡಬ್ಬಿ ಖರ್ಜೂರ ಬಂತು. ಕಳಿಸಿದವಳು ಮಬ್ರೂಕಾ, ಹೆಂಗಸರಿಗೆ ಕಾರು ಕಲಿಸುವ ಶಾಲೆ ನಡೆಸುತ್ತಾಳೆ, ಅವಳ ಸೈಟು ನಮ್ಮ ಪಕ್ಕದ ಕೋಣೆ. ಜೊತೆಗಿದ್ದ ಕಾಗದದಲ್ಲಿ, ಈ ಕಂಪನಿಯವರಿಂದ ಬಾಕಿ ನೋಟೀಸು ಬಿಟ್ಟು ಬೇರೆ ಏನಾದರೂ ಬಂದದ್ದು ಇದೇ ಮೊದಲು ಎಂದು ಬರೆದಿದ್ದಾಳೆ. ಬಿಜರ್ತಾದಿಂದ ಒಬ್ಬ ದೋಣಿ ರಿಪೇರಿಯವನು ಒಣಮೀನು ಕಳಿಸಿದ. ಹಸ್ಸೂನನ ವ್ಯಾನು ಎರಡು ದಿನ ನಾರಿತು, ಪ್ರಯಾಣಿಕರ ಬೈಗುಳ ತಿಂದರು, ಆದರೂ ಖುಷಿಯಾಗಿದ್ದಾರೆ. ಹೀಗೆ ಎಲ್ಲರಿಂದಲೂ ಏನಾದರೊಂದು ಬಂತು, ಎಲ್ಲವೂ ಶುಕ್ರಿಯ ಮೇಜಿನ ಮೇಲಿನಿಂದಲೇ. ಅವನ ಕಚೇರಿ ಈಗ ಕಿರಾಣಿ ಅಂಗಡಿಯ ಹಾಗೆ ಕಾಣುತ್ತದಂತೆ.

ಒಂದು ಮನೆಯವರಿಂದ ಮಾತ್ರ ಏನೂ ಇಲ್ಲ. ಬಾಟಲಿ ಮುಟ್ಟಿದೆ, ಅದಕ್ಕಿಂತ ಹೆಚ್ಚು ಹೇಳಲಾರೆ ಎಂದ ಶುಕ್ರಿ. ಹೂನೀರು ಕುಡಿದು ಬಾಯೊರೆಸಿಕೊಂಡು ಕೂತಿದ್ದಾರೆ. ಎಂಥ ಮನೆತನದವರೋ!

ನಗು ಇಷ್ಟಕ್ಕೇ ಮುಗಿಯಿತು. ಆರ್ಡರ್ ಬಂದಿರುವುದು ಬೆರಳೆಣಿಕೆಯಷ್ಟು. ತೋಟದವರು ಮಾರ್ಚಿ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಕಾಯಲಾರೆವು ಎಂದಿದ್ದಾರೆ. ಅನೀಸ್ ಮೊನ್ನೆ ಮತ್ತೆ ಬಂದಿದ್ದ. ಈ ಸಲ ಒಳಗೆ ಬರಲಿಲ್ಲ, ಕಾರಿನ ಕಿಟಕಿ ಇಳಿಸಿ, ಮನಸ್ಸು ಬದಲಾಯಿಸಿದರೆ ಫೋನು ಮಾಡಿ ಎಂದು ನಗುತ್ತಾ ಹೇಳಿದ. ಹೆದರಿಕೆಯಾಗುತ್ತಿದೆ ಬೇಯಾ. ಹಸ್ಸೂನನಿಗೆ ಹೇಳಿಲ್ಲ, ನಿನಗೆ ಯಾಕೆ ಹೇಳುತ್ತಿದ್ದೇನೋ.

ಫೋಟೋ ಸಣ್ಣದು ಮಾಡಿಲ್ಲ. ಮೌಸು ಹಿಡಿದು ಕೂತೆ, ಅಂಚು ಎಳೆದಂತೆ ಅಮ್ಮ ಕುಗ್ಗುತ್ತಾ ಹೋದಳು. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಹಾಗೇ ಕುಗ್ಗುತ್ತಾ ಹೋಗಿದ್ದಳು. ನನ್ನ ಕೈಯಲ್ಲಿ ಆಗಲಿಲ್ಲ.

ದಲೆಂದಾ

⁂

ಸ್ಫಾಕ್ಸ್
21 ಮಾರ್ಚ್ 2019

ದಲೆಂದಾ,

ಬೆಳಗಿನಿಂದ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನೀನು ನನ್ನ ಹೆಸರು ನೋಡಿ ಕತ್ತರಿಸಿದೆ. ನಿನ್ನ ಆಣೆಗಿಷ್ಟು ಬೆಂಕಿ ಹಾಕ! ನೀನು ಫೋನು ಮಾಡುವುದಿಲ್ಲ ಎಂದು ತಾನೆ ಆಣೆ ಹಾಕಿದ್ದು, ಬಂದದ್ದನ್ನು ಎತ್ತಬಾರದು ಎಂದು ಯಾರು ಹೇಳಿದರು? ಹಸ್ಸೂನ ಭಾವ ಹೊರಡುತ್ತಿದ್ದಾರೆ, ವ್ಯಾನಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನೆ ರೇಡಿಯೋದಲ್ಲಿ ಅಡುಗೆ ಹೇಳುವ ಹೆಂಗಸು, ರಮದಾನಿನ ಸಿಹಿಗೆ ಹೂನೀರು ಎಂದರೆ ನಾಬಲಿನ ಖದ್ದೂಜಾ ಹೂನೀರು ಎಂದಳು. ದೇಶದ ಹೆಂಗಸರೆಲ್ಲ ಒಟ್ಟಿಗೆ ನಿನ್ನ ಸೈಟಿಗೆ ನುಗ್ಗಿದ್ದಾರೆ. ಈಗ ನೋಡಿದರೆ "ಈ ಖಾತೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ" ಎಂದು ಬರುತ್ತಿದೆ. ಬಾವಿಯನ್ನೆಲ್ಲ ನೀನೊಬ್ಬಳೇ ಸೇದಿದೆ, ಉಳಿದವರ ಸೈಟುಗಳು ತೆವಳಲು ಶುರುವಾದವು, ಕಂಪನಿ ನಿನ್ನ ಹಗ್ಗ ಕಿತ್ತುಕೊಂಡಿದೆ. ಅದು ನಿಯಮ. ದೊಡ್ಡ ಜಾಗಕ್ಕೆ ಹೋಗಬೇಕೆಂದರೆ ಅಂಚೆಯಲ್ಲಿ ಕಟ್ಟಿದ ಹಣ ಅವರಿಗೆ ಮುಟ್ಟಬೇಕು, ಅದಕ್ಕೆ ವಾರವಾಗುತ್ತದೆ. ವಾರದಲ್ಲಿ ಆ ಹೆಂಗಸರೆಲ್ಲ ಬೇರೆ ಕಡೆ ಕೊಂಡುಬಿಡುತ್ತಾರೆ, ತೋಟದ ಹೂ ಅನೀಸನ ಪಾಲಾಗುತ್ತದೆ.

ಇದು ಕೈ ಸೇರಿದ ಕೂಡಲೇ ಶುಕ್ರಿಗೆ ಫೋನು ಮಾಡು. ಅವನಿಗೆ ಮಾಡುವುದಿಲ್ಲ ಎಂದು ಆಣೆ ಹಾಕಿಲ್ಲ ತಾನೆ?

ಬೇಯಾ

⁂

ನಾಬಲ್
27 ಮಾರ್ಚ್ 2019

ಬೇಯಾ,

ಕೈಗೆಲ್ಲ ಹೂವಿನ ಅಂಟು, ಕಾಗದ ಕೊಳೆಯಾದರೆ ಸಹಿಸಿಕೋ. ಅಂಗಳದ ತುಂಬ ಚಾದರ ಹಾಸಿ ಹೂ ಹರವಿದ್ದೇವೆ. ಹೌದು, ಹೂ ನಮಗೇ ಬಂತು. ಹೇಗೆ ಎಂದು ಮೊದಲಿನಿಂದ ಹೇಳುತ್ತೇನೆ.

ನಿನ್ನ ಕಾಗದ ಓದಿದೆ. ಶುಕ್ರಿಗೆ ಫೋನು ಮಾಡಿ ಅತ್ತೆ. ನಾಚಿಕೆಯಿಲ್ಲದೆ ಅತ್ತೆ, ಬೇಯಾ. ಅವನು ಮಾತ್ರ ಅಳಬೇಡಿ, ಒಂದು ನಿಮಿಷ ಕೇಳಿ ಎಂದು ಹೇಳುತ್ತಲೇ ಇದ್ದ. ಒಬ್ಬರ ಖಾತೆ ತಡೆಹಿಡಿದರೆ ಉಳಿದ ಬಾಡಿಗೆದಾರರಿಗೆ ನೋಟೀಸು ಕಳಿಸಬೇಕಂತೆ, ಹೀಗೆ ಹೀಗೆ ತೊಂದರೆಯಾಯಿತು, ಸರಿಪಡಿಸಿದ್ದೇವೆ ಎಂದು. ಹೆಸರು ಬರೆಯುವ ಹಾಗಿಲ್ಲ, ಅವನು ಬರೆಯಲೂ ಇಲ್ಲ. ಆದರೆ ರೇಡಿಯೋ ಎಲ್ಲರೂ ಕೇಳಿದ್ದರು. ನೋಟೀಸು ಹೋದದ್ದೇ ತಡ ಕಚೇರಿಯ ಫೋನು ಬಡಿದುಕೊಳ್ಳಲು ಶುರುವಾಯಿತಂತೆ.

ಮಬ್ರೂಕಾ ಆಡಿದ್ದನ್ನು ಶುಕ್ರಿ ಅವಳ ದನಿಯಲ್ಲೇ ಆಡಿ ತೋರಿಸಿದ: "ನೀನು ಮುಚ್ಚಿದ್ದು ನಮ್ಮ ಹೂನೀರಿನ ಅಮ್ಮನ ಬಾಗಿಲು ತಾನೆ? ತೆಗೀ ಮೊದ್ಲು. ನನ್ನ ಸೈಟು ಒಂದು ವಾರ ಮಲಗಿರ್ಲಿ. ನನ್ನ ಪಾಲಿನ ನೀರು ಅವ್ಳಿಗೆ ಬಿಡು."

ದೋಣಿಯವನೂ ಹಾಗೇ ಎಂದ. ಒಬ್ಬರ ಹಿಂದೆ ಒಬ್ಬರು ಎಲ್ಲರೂ. ವಠಾರದವರೆಲ್ಲ ತಮ್ಮ ತಮ್ಮ ಬಾಗಿಲಿಗೆ "ಒಂದು ವಾರ ರಜೆ" ಎಂಬ ಒಂದೇ ಸಾಲಿನ ಹಾಳೆ ಅಂಟಿಸಿ ಬಾವಿಯನ್ನು ನನಗೆ ಬಿಟ್ಟರು. ಬಾಡಿಗೆದಾರರೇ ಲಿಖಿತವಾಗಿ ತಮ್ಮ ಪಾಲು ಬಿಟ್ಟುಕೊಟ್ಟರೆ ಬೇಡ ಎನ್ನುವ ನಿಯಮ ಕಂಪನಿಯಲ್ಲಿ ಇಲ್ಲವಂತೆ. ಇಂಥದ್ದು ನಡೆದೀತು ಎಂದು ಯಾರಿಗೂ ಹೊಳೆದಿರಲಿಲ್ಲ, ಹಾಗಾಗಿ ನಿಯಮ ಬರೆದಿರಲಿಲ್ಲ. ಸೈಟು ಮತ್ತೆ ತೆರೆಯಿತು, ಆರ್ಡರ್‌ಗಳು ಸುರಿದವು, ತೋಟದವರಿಗೆ ಹೂವಿನ ಮಾತು ಕೊಟ್ಟೆ.

ನಾನು ಬೈದಿದ್ದೆನಲ್ಲ, ಏನೂ ಕಳಿಸದ ಮನೆಯವರು, ಎಲ್ಲರಿಗಿಂತ ಮೊದಲು ಪಾಲು ಬಿಟ್ಟುಕೊಟ್ಟವರು ಅವರೇ ಅಂತೆ. ನೋಟೀಸು ಬರುವುದಕ್ಕೂ ಮುಂಚೆ, ತಾವಾಗಿಯೇ. ನಾಲಿಗೆ ಕಚ್ಚಿಕೊಂಡೆ.

ಶುಕ್ರಿ ಒಂದೇ ಒಂದು ಷರತ್ತು ಹಾಕಿದ್ದಾನೆ, ಫೋಟೋ ಸಣ್ಣದಾಗಬೇಕು. ಇಷ್ಟು ಜನ ಬಾಯಾರಿ ಕೂತಿರುವಾಗ ಇನ್ನು ಹಟ ಹಿಡಿದರೆ ಅಮ್ಮನೇ ಒಪ್ಪುವುದಿಲ್ಲ. ಕಾಗದದ ಹಿಂದೆ ಪಾಸ್‌ವರ್ಡ್ ಬರೆದಿದ್ದೇನೆ. ನೀನು ಮಾಡು. ನೀನು ಜ್ವರದಲ್ಲಿ ಮಲಗಿದ್ದಾಗ ನಿನ್ನ ಹಣೆ ಮುಟ್ಟಿ ನೋಡುತ್ತಿದ್ದ ಕೈ ಅವಳದು. ನಿನ್ನ ಕೈಯಿಂದಾದರೆ ಅವಳಿಗೆ ನೋವಾಗದು.

ದಲೆಂದಾ

⁂

ಸ್ಫಾಕ್ಸ್
10 ಏಪ್ರಿಲ್ 2019

ದಲೆಂದಾ,

ಮಾಡಿದೆ. ನೋಡು, ಒಂದು ಸುಕ್ಕೂ ಕಳೆದುಹೋಗಿಲ್ಲ. ನೀಲಿ ಜರಡಿಯೂ ಇದೆ.

ಈ ಕಾಗದದ ಜೊತೆ ಹಸ್ಸೂನ ಭಾವನ ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ತಟ್ಟೆ ಇದೆ. ಬಿಚ್ಚುವ ಮುನ್ನ ಇಷ್ಟು ಓದು.

ಆ ಏನೂ ಕಳಿಸದ ಮನೆ ನನ್ನದು. ಕೇಂದ್ರದ ಮಕ್ಕಳ ಕೆಲಸಗಳನ್ನು ಇಡಲು ಆ ಕಂಪನಿಯಲ್ಲಿ ನನಗೊಂದು ಜಾಗ ಮೊದಲಿನಿಂದಲೂ ಇತ್ತು. ಅದಕ್ಕೇ ನಿನಗೆ ಅದನ್ನು ಹೇಳಿದ್ದು. ನೀನು ಟ್ಯೂನಿಸಿಗೆ ಹೊರಟ ಸುದ್ದಿಯನ್ನು ಹಸ್ಸೂನ ಭಾವನಿಂದ ಕೇಳಿ ಅಂದೇ ಶುಕ್ರಿಗೆ ಫೋನು ಮಾಡಿ, ನಾಬಲಿನ ದಲೆಂದಾ ಬರುವ ಸರ್ವರ್‌ನಲ್ಲಿ ಒಂದು ಕೋಣೆ ಖಾಲಿಯಿದ್ದರೆ ನನ್ನನ್ನು ಅಲ್ಲಿಗೆ ಹಾಕು ಎಂದೆ. ಯಾಕೆ ಎಂದು ಕೇಳಿದ. ಹಳೆಯ ನೆರೆಯವರು ಎಂದೆ. ಜನವರಿಯಲ್ಲಿ ನಿನಗೆ ಹುಚ್ಚು ಎಂದು ಬೈದು ಬರೆಯುವಾಗ ನಿನ್ನ ಬಾಟಲಿ ನನ್ನ ಎದುರಿಗೇ ಇತ್ತು. ಮುಚ್ಚಳ ತೆಗೆದು ಮೂಸಿದೆ, ನಮ್ಮ ಅಂಗಳದ ವಾಸನೆ ಬಂತು, ಕೂತು ಅತ್ತೆ. ಏನು ಕಳಿಸಬೇಕೆಂದು ತಿಳಿಯಲಿಲ್ಲ. ಖರ್ಜೂರ ಕಳಿಸಿ ಮುಗಿಸುವ ಲೆಕ್ಕ ನಮ್ಮದಲ್ಲ.

ಇನ್ನೊಂದು ಮಾತು. ರಮದಾನಿನ ನಂತರ ಕೇಂದ್ರದವರು ಸ್ವಂತ ಸರ್ವರ್ ಕೊಳ್ಳುತ್ತಿದ್ದಾರೆ, ನನಗೆ ಆ ಕೋಣೆಯ ಅಗತ್ಯ ಇರುವುದಿಲ್ಲ. ಬಿಡುವಾಗ ನನ್ನ ಪಾಲನ್ನು ಯಾರಿಗೆ ಬೇಕಾದರೂ ಬಿಟ್ಟುಕೊಡಬಹುದು ಎಂದು ಶುಕ್ರಿ ಹೇಳಿದ. ಯಾರೋ ಒಬ್ಬ ಹೋಟೆಲಿನವನು ಕೇಳುತ್ತಿದ್ದಾನಂತೆ, ನಗಬೇಡ, ನಿಜ.

ಯಾರಿಗೂ ಮಾತು ಕೊಟ್ಟಿಲ್ಲ. ನೀನು ನೆರೆಯವಳು, ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ಬೇಕೇ?

ಉತ್ತರ ಕಾಯುವ,
ಬೇಯಾ

⁂

ನಾಬಲ್
14 ಏಪ್ರಿಲ್ 2019

ಬೇಯಾ,

ಕುಶಲವೇ?

ತಟ್ಟೆಯ ಅಂಚಿನ ಹಸಿರು ಬಳ್ಳಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಮಕ್ರೂದ್ ಸ್ವಲ್ಪ ಗಟ್ಟಿಯಾಗಿದೆ, ರವೆಗೆ ಎಣ್ಣೆ ಸಾಲದು, ನಿನಗೆ ಯಾವತ್ತೂ ಕೈ ಬಿಗಿ. ಹಸ್ಸೂನ ದಾರಿಯಲ್ಲೇ ಎರಡು ತಿಂದಿದ್ದಾರೆ, ಜಾಗ ಕಾಣುತ್ತಿತ್ತು. ಉಳಿದದ್ದನ್ನು ನಾನೊಬ್ಬಳೇ ತಿಂದೆ, ಭಟ್ಟಿಯ ಪಕ್ಕ ಕೂತು, ಅಳುತ್ತಾ ತಿಂದೆ. ಅಂದು ಖಾಲಿ ತಟ್ಟೆ ಹಿಡಿದು ನೀನು ಬಾಗಿಲಲ್ಲಿ ಹೇಗೆ ನಿಂತಿದ್ದಿರಬಹುದು ಎಂದು ಇಷ್ಟು ವರ್ಷ ನಾನು ನೆನೆಯಲು ಒಪ್ಪಿರಲಿಲ್ಲ.

ನಿನ್ನೆ ಅನೀಸ್ ಫೋನು ಮಾಡಿದ್ದ. ತನ್ನ ಅಂಗಡಿಗೆ ಬಂದವರೆಲ್ಲ ಖದ್ದೂಜಾ ಹೂನೀರು ಇದೆಯಾ ಎಂದು ಕೇಳುತ್ತಾರಂತೆ, ಒಂದಿಷ್ಟು ಬಾಟಲಿ ಕೊಡುವಿರಾ ಎಂದ. "ಚೀಟಿಯ ಮೇಲೆ ನಮ್ಮಮ್ಮನ ಹೆಸರೇ ಇರತ್ತೆ, ಪರವಾಗಿಲ್ವಾ?" ಎಂದು ಕೇಳಿದೆ. ಪರವಾಗಿಲ್ಲ ಎಂದ. ಸರತಿಯಲ್ಲಿ ನಿಲ್ಲು ಎಂದಿದ್ದೇನೆ, ಅವನಿಗಿಂತ ಮುಂದೆ ವಠಾರದವರಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಕೋಣೆ ನನಗೆ ಬೇಡ. ಹೋಟೆಲಿನವನಿಗೂ ಬೇಡ. ಯಾರಿಗೂ ಬಿಟ್ಟುಕೊಡಬೇಡ. ಅದರೊಳಗೆ ಏನೂ ಇಡದಿದ್ದರೂ ಸರಿ, ಬಾಗಿಲ ಮೇಲೆ ನಿನ್ನ ಹೆಸರು ಇರಲಿ. ವರ್ಷವರ್ಷದ ಬಾಡಿಗೆಯನ್ನು ಅಂಚೆಯಲ್ಲಿ ಇಬ್ಬರದೂ ಒಟ್ಟಿಗೆ ಕಟ್ಟುತ್ತೇನೆ. ಒಂದು ಸಲ ಗೋಡೆ ಹೋಯಿತು, ಇನ್ನೊಂದು ಸಲ ಹೋಗಲು ಬಿಡುವುದಿಲ್ಲ.

ತಟ್ಟೆಯನ್ನು ವಾಪಸು ಕಳಿಸುತ್ತಿಲ್ಲ. ತೊಳೆದು ನಿನ್ನೆಯೇ ತುಂಬಿಸಿಟ್ಟಿದ್ದೇನೆ. ಈ ಸಾಲಿನ ಮೊದಲ ಬಾಟಲಿಯನ್ನೂ ಅದರ ಪಕ್ಕ ಇಟ್ಟಿದ್ದೇನೆ. ನೀನೇ ಬಂದು ತೆಗೆದುಕೊಂಡು ಹೋಗು. ಭಟ್ಟಿಗೆ ಇಬ್ಬರು ಬೇಕು, ಒಬ್ಬಳು ಉರಿ ನೋಡಬೇಕು, ಒಬ್ಬಳು ಮೇಲಿನ ತಣ್ಣೀರು ಬದಲಿಸಬೇಕು. ನಾನೊಬ್ಬಳೇ ಎರಡೂ ಮಾಡಿ ಸೋತೆ. ಗುರುವಾರ ಹಸ್ಸೂನ ವ್ಯಾನಿನ ಮುಂದಿನ ಸೀಟು ಯಾರಿಗೂ ಕೊಡುವುದಿಲ್ಲ.

ಹೊರಟ ಮೇಲೆ ಫೋನು ಮಾಡು. ಎತ್ತುತ್ತೇನೆ.

ನಿನ್ನ ಪಕ್ಕದ ಮನೆಯ,
ದಲೆಂದಾ